ವೀರಮ್ಮನ ಮಂಡಿಗೆ ಹೋರಿಕರುವಿನ ಮದ್ದು

ಸಾವಿರದ ಒಂಬೈನೂರ ಐವತ್ತೈದರಲ್ಲಿ, ಮಿರ್ಲೆಯ ವೀರಮ್ಮನಿಗೆ ಅರವತ್ತೆರಡಾದಾಗ, ಅವಳ ಮಂಡಿಗಳು ಮಾತು ಕೇಳುವುದನ್ನು ಬಿಟ್ಟವು. ಮಗಳು ಜ್ವರದಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಳಿಯ ಪಿರಿಯಾಪಟ್ಟಣದಲ್ಲಿ ಇನ್ನೊಂದು ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳನ್ನು ಅಜ್ಜಿಯ ಪಾಲಿಗೆ ಬಿಟ್ಟಿದ್ದ. ನೀಲಾಂಬಿಕೆಗೆ ಹತ್ತು ವರ್ಷ, ಗೌರಿಗೆ ಏಳು.

ಕೆ.ಆರ್. ನಗರದ ಡಾಕ್ಟರು ಮಂಡಿ ಒತ್ತಿ ನೋಡಿ, "ದಿನಾ ಎರಡು ಮೈಲಿ ನಡೀರಿ. ಕೂತೇ ಇದ್ರೆ ಕಾಲು ಕಟ್ಕೊಂಡುಬಿಡ್ತವೆ. ಆಮೇಲೆ ಈ ಮಕ್ಕಳನ್ನ ನೋಡ್ಕೊಳ್ಳೋರು ಯಾರು?" ಎಂದರು.

ಕೊನೆಯ ಮಾತು ವೀರಮ್ಮನ ಎದೆಗೆ ನಾಟಿತು. ಆದರೆ ಸೌದೆಗೋ ನೀರಿಗೋ ನಡೆದರೆ ಸರಿ, ಬರಿದೇ ನಡೆಯುವುದು ಹೇಗೆ? "ಕ್ಯಾಮೆ ಇಲ್ದೆ ಸುಮ್ಸುಮ್ನೆ ಅಲೀತಿದ್ರೆ ನಂಗೆ ಗಾಳಿ ಮೆಟ್ಕಂಡದೆ ಅಂತಾರೆ ಕಣೆ," ಎಂದು ನೀಲಾಂಬಿಕೆಗೆ ಹೇಳಿ ಜಗುಲಿಯಲ್ಲೇ ಕಾಲು ಚಾಚಿದಳು.

ಮರುದಿನ ಬೆಳಗ್ಗೆ ಮನೆಯ ಹೋರಿಕರು ಹಗ್ಗ ಬಿಚ್ಚಿಕೊಂಡು ಓಡಿತು. ಅದೇ ಹೊತ್ತಿಗೆ ಮಕ್ಕಳಿಬ್ಬರಿಗೂ ಹೊಟ್ಟೆನೋವು. ಕರು ಅಂಕಯ್ಯನ ಹುರುಳಿ ಹೊಲಕ್ಕೆ ಬಾಯಿ ಹಾಕಿದರೆ ಊರೆಲ್ಲ ರಂಪ. ವೀರಮ್ಮ ಕೋಲು ಹಿಡಿದು, ಅದರ ವಂಶವನ್ನೆಲ್ಲ ಬೈಯುತ್ತ, ಕುಂಟಿಕೊಂಡೇ ನಾಲೆ ಏರಿಯವರೆಗೆ ಹೋಗಿ ಹಿಡಿದು ತಂದಳು. ಮರುದಿನವೂ ಹಾಗೇ. ಎಷ್ಟು ಬಿಗಿದು ಕಟ್ಟಿದರೂ ಅಷ್ಟೇ.

ತಿಂಗಳಾದ ಮೇಲೆ ಒಂದು ದಿನ ಬೇಗ ಎಚ್ಚರವಾಗಿ ಕೊಟ್ಟಿಗೆಗೆ ಬಂದವಳು ಬಾಗಿಲಲ್ಲೇ ನಿಂತಳು. ನೀಲಾಂಬಿಕೆ ಹಗ್ಗ ಬಿಚ್ಚುತ್ತ ಕರುವಿಗೆ, "ನಿನ್ನೆ ಬಲೇ ಜೋರಾಗಿ ಓಡ್ದೆ. ಅಜ್ಜಿ ಪಾಪ ಏದುಸಿರು ಬಿಟ್ಲು. ಇವತ್ತು ವಸಿ ನಿಧಾನ ಕಣೋ," ಎನ್ನುತ್ತಿದ್ದಳು.

ಬಾಗಿಲ ಬಳಿಯಿಂದ ಎತ್ತಿದ ಕೋಲು ಅಲ್ಲೇ ನಿಂತಿತು. ಹಾಸಿಗೆಯಿಂದ ಇಲ್ಲಿಯವರೆಗೆ ತಾನು ಗೋಡೆ ಹಿಡಿಯದೆ ಬಂದದ್ದು ವೀರಮ್ಮನಿಗೆ ಆಗ ಹೊಳೆಯಿತು. ಸದ್ದಿಲ್ಲದೆ ಹೋಗಿ ಮಲಗಿದಳು.

ಮರುದಿನ ಮಕ್ಕಳು ಏಳುವ ಮೊದಲೇ ಕರುವನ್ನು ಪಕ್ಕದ ಮನೆಯ ಕುಳ್ಳಮ್ಮನ ಹಿತ್ತಲಲ್ಲಿ ಕಟ್ಟಿ ಬಂದು, ಹೊಟ್ಟೆ ಹಿಡಿದುಕೊಂಡು ಮುಲುಗಿದಳು. "ಕರು ಓಡೋಗದೆ. ನಂಗೆ ಒಟ್ಟೆನೋವು. ನೀವೇ ಉಡುಕ್ಕಂಡು ಬನ್ನಿ."

ಹುಡುಗಿಯರು ನಾಲೆ, ಹೊಲ, ಕೆರೆಯೆಲ್ಲ ಸುತ್ತಿ ಬೆವರಿ ಬಂದಾಗ ಅಜ್ಜಿ ಕುಳ್ಳಮ್ಮನ ಜೊತೆ ಜಗುಲಿಯಲ್ಲಿ ಬೆಲ್ಲದ ಕಾಫಿ ಕುಡಿಯುತ್ತಿದ್ದಳು. ಅಂಗಳದಲ್ಲಿ ಕರು ಹುಲ್ಲು ಮೇಯುತ್ತಿತ್ತು.

"ಯಾಕವ್ವ ನೀಲಾ, ವಸಿ ನಿಧಾನ ಓಡ್ಬಾರ್ದಿತ್ತಾ?"

ನೀಲಾಂಬಿಕೆ ತಲೆ ತಗ್ಗಿಸಿದಳು. ಗೌರಿಗೆ ನಗು ತಡೆಯಲಾಗಲಿಲ್ಲ.

ಅಂದಿನಿಂದ ಮೂವರೂ ಕರುವನ್ನು ಹಿಡಿದುಕೊಂಡೇ ದಿನಾ ನಾಲೆಯವರೆಗೆ ಹೋಗಿಬರತೊಡಗಿದರು. ಕೇಳಿದವರಿಗೆಲ್ಲ "ಕರೂಗೆ ನೀರು ಕುಡಿಸಾಕೆ" ಎಂಬ ಉತ್ತರ ಸಿದ್ಧವಿತ್ತು. ವಾರದೊಳಗೆ ಕುಳ್ಳಮ್ಮನೂ ಜೊತೆಗೂಡಿದಳು. ಅವಳ ಮನೆಯಲ್ಲಿ ಕರುವಿರಲಿಲ್ಲ. ಬರಿಯ ಹಗ್ಗ ಹಿಡಿದು ಬರುತ್ತಿದ್ದಳು.