ತೊಲೆಯ ಕೆಳಗೆ ಒಂದಿಂಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟಾರ್ನಿ ಬೇಯ ಕೊನೆಯ ಬೀದಿಯ ಕೊನೆಯ ಶೆಡ್ಡಿನಲ್ಲಿ ನೋಲಿನ್ ಟ್ರಿಜೈಸ್ ಮಂಡಿಯೂರಿ ಕೂತು ತಮ್ಮ ಹಳೆಯ ಜೀಪಿನ ಚಕ್ರದಿಂದ ಗಾಳಿ ಬಿಡುತ್ತಿದ್ದಾರೆ. ಒಂದು ಚಕ್ರ ಮುಗಿಸಿ ಇನ್ನೊಂದು, ಅದನ್ನು ಮುಗಿಸಿ ಮತ್ತೊಂದು. ಗಾಡಿ ಮೆಲ್ಲಗೆ ಕುಸಿಯುತ್ತದೆ. ಎದ್ದು ನಿಂತು, ಮಂಡಿ ಉಜ್ಜಿಕೊಂಡು, ಟಾರ್ಚನ್ನು ಮೇಲಕ್ಕೆ ಹಿಡಿಯುತ್ತಾರೆ. ಗಾಡಿಯ ನೆತ್ತಿಯ ಮೇಲಿನ ಕ್ಯಾರಿಯರ್‌ಗೂ ಶೆಡ್ಡಿನ ಅಡ್ಡತೊಲೆಗೂ ನಡುವೆ ಈಗ ಒಂದು ಬಿಸ್ಕತ್ತು ತೂರುವಷ್ಟು ಜಾಗವಿದೆ.

ಅಷ್ಟು ಸಾಕು. ಗಾಡಿ ಹಿಮ್ಮುಖವಾಗಿ ನುಸುಳಿ ಅಂಗಳಕ್ಕೆ ಬರುತ್ತದೆ. ಬಂದ ಕೂಡಲೇ ನೋಲಿನ್ ಕೆಳಗಿಳಿದು, ಪಂಪು ಹಚ್ಚಿ, ಈಗಷ್ಟೇ ಬಿಟ್ಟ ಗಾಳಿಯನ್ನು ಮತ್ತೆ ತುಂಬಲು ಶುರು ಮಾಡುತ್ತಾರೆ. ಏಕೆಂದರೆ ಕಡಲಿಗೆ ಹೋಗುವ ಸುಣ್ಣಕಲ್ಲಿನ ರಸ್ತೆಯಲ್ಲಿ ಗಾಳಿಯಿಲ್ಲದ ಟೈರು ಹರಿದುಹೋಗುತ್ತದೆ. ಆ ರಸ್ತೆ ಮುಗಿದು ಮರಳು ಸಿಕ್ಕಿದ ಮೇಲೆ ಇನ್ನೊಮ್ಮೆ ಬಿಡಬೇಕು, ಮರಳಿನಲ್ಲಿ ಮೆತ್ತನೆಯ ಟೈರೇ ಓಡುವುದು. ವಾಪಸು ಬರುವಾಗ ತುಂಬಬೇಕು. ಶೆಡ್ಡಿನೊಳಗೆ ನಿಲ್ಲಿಸುವಾಗ ಮತ್ತೆ ಬಿಡಬೇಕು.

"ಗಾಡಿ ಓಡ್ಸೋದಕ್ಕಿಂತ ಅದಕ್ಕೆ ಉಸಿರು ತುಂಬೋದು ತೆಗೆಯೋದೇ ಆಗಿದೆ ನನ್ ಬಾಳು," ಎನ್ನುತ್ತಾರೆ ನೋಲಿನ್, ಪತ್ರಿಕೆಯ ಪುರವಣಿಗೆ ಬರೆಯಲು ಬಂದ ನನಗೆ. "ಬರ್ಕೊಳಿ ಇದನ್ನ. ಯಾರಿಂದ ಹೀಗಾಯ್ತು ಅಂತಾನೂ ಬರ್ಕೊಳಿ."

ಯಾರಿಂದ ಹೀಗಾಯಿತೋ ಅವರು ಶೆಡ್ಡಿನ ಬಾಗಿಲಲ್ಲೇ ಇದ್ದಾರೆ. ಬಿಯರ್ ಡಬ್ಬಿಗಳ ಪೆಟ್ಟಿಗೆಗಳನ್ನು ಪೇರಿಸಿ ಮಾಡಿದ ಆಸನದ ಮೇಲೆ ಕೂತು, ಎಡಗೈಯಲ್ಲಿ ಟೀ ಹಿಡಿದಿರುವ ಕ್ಲೆಮ್, ನೋಲಿನ್ ಅವರ ಗಂಡ.

"ಹಿಂದಿನ ಎಡಗಡೇದಕ್ಕೆ ಇನ್ನೂ ಸ್ವಲ್ಪ ಹೊಡಿ, ನೋಲ್."

"ಗೊತ್ತು."

"ಗೊತ್ತಿದ್ರೆ ಹೊಡಿ ಮತ್ತೆ."

ನೋಲಿನ್ ನನ್ನ ಕಡೆ ನೋಡುತ್ತಾರೆ. ನಾನು ನೆಲ ನೋಡುತ್ತೇನೆ. ಈ ಊರಿನಲ್ಲಿ ಇಪ್ಪತ್ತು ವರ್ಷ ಇದ್ದು ಕಲಿತದ್ದೇನಾದರೂ ಇದ್ದರೆ, ಈ ಇಬ್ಬರ ನಡುವೆ ಬಾಯಿ ಹಾಕಬಾರದು ಎನ್ನುವುದು.

ಅರವತ್ತಮೂರರ ನೋಲಿನ್ ಮಾಡುವ ಕೆಲಸಕ್ಕೆ ಹೆಸರಿಲ್ಲ. ನಮ್ಮ ಕಡಲತೀರದ ಮರಳಿನಲ್ಲಿ ಹೂತುಹೋದ ಗಾಡಿಗಳನ್ನು ಅಲೆ ಬಂದು ನುಂಗುವ ಮುಂಚೆ ಎಳೆದು ತರುತ್ತಾರೆ. ಕೆಟ್ಟ ಗಾಡಿ ಎಳೆಯಲು ಪಟ್ಟಣದಿಂದ ಬರುವ ಲಾರಿ ಡಾಂಬರು ಮುಗಿದಲ್ಲೇ ನಿಲ್ಲುತ್ತದೆ. ಅದರಾಚೆಗೆ ಇರುವುದು ನೋಲಿನ್, ಮತ್ತು ಊರೆಲ್ಲ "ಮುದುಕಿ" ಎಂದು ಕರೆಯುವ, ನಾಲ್ಕೂ ಚಕ್ರ ಎಳೆಯುವ ಈ ಹಳೆಯ ಡೀಸೆಲ್ ಜೀಪು. ತೀರಕ್ಕೆ ಇಳಿಯುವ ಜಾಗದಲ್ಲಿ ದೊಡ್ಡ ಫಲಕವಿದೆ. ಅದರಲ್ಲಿ ಸೀಲ್‌ಗಳ ಚಿತ್ರವಿದೆ, ಪೆಲಿಕನ್‌ಗಳ ಚಿತ್ರವಿದೆ, ಫಲಕಕ್ಕೆ ಹಣ ಕೊಟ್ಟವರ ಹೆಸರಿದೆ. ನೋಲಿನ್ ಅವರ ಹೆಸರಾಗಲೀ ಫೋನ್ ನಂಬರಾಗಲೀ ಇಲ್ಲ. "ಟೈರಿನ ಗಾಳಿ ಇಳಿಸಿ" ಎಂದು ಕೆಂಪಕ್ಷರದಲ್ಲಿ ಬರೆದಿದೆ. ಅದನ್ನು ಯಾರೂ ಓದಿದಂತಿಲ್ಲ.

ಇವತ್ತು ಫೋನ್ ಮಾಡಿದವರೂ ಓದಿಲ್ಲ. ನಾವು ಹೋಗುವಷ್ಟರಲ್ಲಿ ಮನೆಯಷ್ಟು ಬೆಲೆಯ ಬಿಳಿ ಗಾಡಿಯೊಂದು ಹೊಟ್ಟೆಯ ತನಕ ಮರಳಿನಲ್ಲಿ ಕೂತಿದೆ. ಅದರೊಳಗೆ ಫ್ರಿಜ್ ಇದೆ, ಕಾಫಿ ಯಂತ್ರ ಇದೆ, ನೆತ್ತಿಯ ಮೇಲೆ ಡೇರೆ ಇದೆ. ನೀರು ನಾಲ್ಕು ಮಾರು ದೂರದಲ್ಲಿದೆ, ಅದೂ ಏರುತ್ತಿದೆ. ಗಾಡಿಯ ಯಜಮಾನ ಪ್ಲಾಸ್ಟಿಕ್ ತಟ್ಟೆಯಲ್ಲಿ ಮರಳು ತೋಡುತ್ತಿದ್ದಾನೆ.

"ಗಾಳಿ ಬಿಟ್ಟಿದೀರಾ?" ನೋಲಿನ್ ಎಲ್ಲರನ್ನೂ ಮೊದಲು ಕೇಳುವುದು ಇದನ್ನೇ.

"ಸ್ವಲ್ಪ ಬಿಟ್ಟಿದೀವಿ."

ನೋಲಿನ್ ಟೈರನ್ನು ಬೂಟಿನಿಂದ ಒದೆಯುತ್ತಾರೆ. ಬಂಡೆಯಂತಿದೆ. "ಎಲ್ಲಿಂದ ಬಿಟ್ರಿ ಮಾರಾಯ್ರೇ? ಬಾಯಿಂದಾನಾ?"

"ಈ ಗಾಡೀಲಿ ಮರಳಿಗೆ ಅಂತಾನೇ ಒಂದು ಬಟನ್ ಇದೆ. ಒತ್ತಿದ್ರೆ ಸಾಕು ಅಂದ್ರು ಶೋರೂಮಲ್ಲಿ."

"ಹಾಗಾದ್ರೆ ಒತ್ತಿ. ನಾವು ನಿಂತು ನೋಡ್ತೀವಿ."

ಅವನು ಒತ್ತುವುದಿಲ್ಲ. ಅವನ ಹೆಂಡತಿ ಆಗಲೇ ಟೈರಿನ ವಾಲ್ವಿನ ಮುಚ್ಚಳ ತಿರುಗಿಸುತ್ತಿದ್ದಾಳೆ. ಸಲಿಕೆ, ಹಗ್ಗ, ಬೈಗುಳ, ಈ ಕ್ರಮದಲ್ಲಿ ಕೆಲಸ ನಡೆದು, ಮುದುಕಿ ಒಮ್ಮೆ ಗುಡುಗಿ ಬಿಳಿ ಗಾಡಿಯನ್ನು ಎಳೆದು ಗಟ್ಟಿ ನೆಲಕ್ಕೆ ತಂದು ನಿಲ್ಲಿಸುತ್ತದೆ. ಅಲೆ ಬಂದು ಗುಂಡಿಯನ್ನು ತುಂಬುತ್ತದೆ. ಯಜಮಾನ ಒಳಗಿಂದ ಒಂದು ಪೆಟ್ಟಿಗೆ ಬಿಯರ್ ತಂದು ಕೊಡುತ್ತಾನೆ. ಇಲ್ಲಿಯ ರೂಢಿ ಅದು. ಎಳೆದವರಿಗೆ ಬಿಯರ್. ದುಡ್ಡು ಕೊಟ್ಟರೆ ಅವಮಾನ, ಬಿಯರ್ ಕೊಡದಿದ್ದರೆ ಅದಕ್ಕಿಂತ ದೊಡ್ಡ ಅವಮಾನ.

ನೋಲಿನ್ ಜನ್ಮದಲ್ಲಿ ಬಿಯರ್ ಮುಟ್ಟಿದವರಲ್ಲ. ಚರ್ಚಿಗೆ ಹೋಗುವ ಮನೆತನ. ಕ್ಲೆಮ್ ಮುಟ್ಟುತ್ತಿದ್ದರು, ಈಗ ಡಾಕ್ಟರು ಬಿಡಿಸಿದ್ದಾರೆ. ಆದ್ದರಿಂದ ಪೆಟ್ಟಿಗೆಗಳು ಶೆಡ್ಡಿನ ಗೋಡೆಯುದ್ದಕ್ಕೂ ಬೆಳೆಯುತ್ತಿವೆ. ಪಕ್ಕದ ಮನೆಯ ಮೀನುಗಾರ ಮನೋಲಿ ವಾರಕ್ಕೊಂದು ಒಯ್ದು, ಬದಲಿಗೆ ಮೀನು ಕೊಡುತ್ತಾನೆ. "ಅವನಾದ್ರೂ ಇದಾನಲ್ಲ," ಎನ್ನುತ್ತಾರೆ ನೋಲಿನ್. "ಬೇರೆ ಊರಲ್ಲಾದ್ರೆ ಕೆಲ್ಸಕ್ಕೆ ಸಂಬಳ ಕೊಡ್ತಾರೆ. ನಂಗೆ ಕೂರೋಕೆ ಸ್ಟೂಲು ಕೊಡ್ತಾರೆ."

ಈ ಗಾಡಿಯನ್ನು ಕ್ಲೆಮ್ ಕೊಂಡಿದ್ದು ಕುರಿ ಸಾಕುವ ಫಾರ್ಮೊಂದರಿಂದ, ಬಾಗಿಲಿಲ್ಲದ ಸ್ಥಿತಿಯಲ್ಲಿ. ಆಗ ಅವರು ಮಣ್ಣುರಸ್ತೆ ಸಮ ಮಾಡುವ ಯಂತ್ರ ಓಡಿಸುತ್ತಿದ್ದರು. ಶನಿವಾರ, ಭಾನುವಾರ ಶೆಡ್ಡಿನಲ್ಲೇ. ಎಂಜಿನ್ ಬಿಚ್ಚಿ ಕೂಡಿಸಿದರು. ಮುಂದೆ ಕಬ್ಬಿಣದ ದೂಲ ಬಂತು, ಅದರ ಮೇಲೆ ಹಗ್ಗ ಸುತ್ತಿ ಎಳೆಯುವ ವಿಂಚ್ ಬಂತು, ಎರಡನೇ ಡೀಸೆಲ್ ಟ್ಯಾಂಕು ಬಂತು, ಕಾಂಗರೂಗಳಿಗೂ ಕಣ್ಣು ಕುಕ್ಕುವ ದೀಪಗಳು ಬಂದವು. ಮನೆಯ ಅಡುಗೆಮನೆಯ ನಲ್ಲಿ ಮಾತ್ರ ಇವತ್ತಿಗೂ ಸೋರುತ್ತಿದೆ.

ಕೊನೆಗೆ ಬಂದದ್ದು ಎತ್ತರ. ನಾಲ್ಕು ವರ್ಷದ ಹಿಂದೆ, ಒಂದು ಇಡೀ ಚಳಿಗಾಲ, ಕ್ಲೆಮ್ ಗಾಡಿಯನ್ನು ಏರಿಸಿದರು. ಗಾಡಿಯ ಭಾರ ಹೊರುವ ಹೊಸ ಕಮಾನುಪಟ್ಟಿ ಹಾಕಿದರು, ದೊಡ್ಡ ಟೈರು ಹಾಕಿದರು, ಉದ್ದದ ಬ್ರೇಕ್ ಪೈಪು ಹಾಕಿದರು. ಎಲ್ಲವನ್ನೂ ಶೆಡ್ಡಿನೊಳಗೇ, ಜ್ಯಾಕಿನ ಮೇಲೆ ನಿಲ್ಲಿಸಿಕೊಂಡು ಮಾಡಿದರು. ಮುಗಿದ ದಿನ ಬೀದಿಯವರನ್ನೆಲ್ಲ ಕರೆದರು. ನಾವೆಲ್ಲ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದೆವು. ಕ್ಲೆಮ್ ರಾಜಗಾಂಭೀರ್ಯದಿಂದ ಹಿಂದಕ್ಕೆ ತೆಗೆದರು. ಢಮ್ಮೆಂದಿತು. ಕ್ಯಾರಿಯರ್ ತೊಲೆಗೆ ಬಡಿದು, ಚಾವಣಿಯ ಧೂಳೆಲ್ಲ ನಮ್ಮ ಕೇಕಿನ ಮೇಲೆ ಬಿತ್ತು.

ಒಂದು ಚಳಿಗಾಲ ಪೂರ್ತಿ ಅಳತೆ ಮಾಡಿದ ಮನುಷ್ಯ ಬಾಗಿಲು ಅಳೆದಿರಲಿಲ್ಲ. ಗಾಳಿ ಬಿಟ್ಟು ತೆಗೆಯಲು ಹೇಳಿದವನು ಮನೋಲಿ. ತೊಲೆ ಕತ್ತರಿಸೋಣವೆಂದರೆ ಚಾವಣಿ ಕೂತಿರುವುದೇ ಅದರ ಮೇಲೆ. ಹೊರಗೆ ನಿಲ್ಲಿಸೋಣವೆಂದರೆ ಉಪ್ಪುಗಾಳಿ ತಿಂದುಹಾಕುತ್ತದೆ. "ಮುಂದಿನ ವಾರ ಏನಾದ್ರೂ ಮಾಡ್ತೀನಿ ಬಿಡು," ಅಂದಿದ್ದರು ಕ್ಲೆಮ್. ಆ ಮುಂದಿನ ವಾರವೇ ಅವರಿಗೆ ಲಕ್ವ ಹೊಡೆಯಿತು. ಬಲಗಾಲು ನಿಧಾನವಾಗಿ ಹಿಂತಿರುಗಿತು. ಬಲಗೈ ಹಿಂತಿರುಗಲಿಲ್ಲ.

ಅಲ್ಲಿಂದ ಗಾಡಿಯ ಕೆಳಗೆ ಮಲಗುವವರು ನೋಲಿನ್, ಪೆಟ್ಟಿಗೆಯ ಮೇಲೆ ಕೂತು ಹೇಳುವವರು ಕ್ಲೆಮ್. "ಶುರೂನಲ್ಲಿ ಪಾನಾ ಯಾವ್ದು ಇಕ್ಕಳ ಯಾವ್ದು ಗೊತ್ತಿರ್ಲಿಲ್ಲ," ಎನ್ನುತ್ತಾರೆ ನೋಲಿನ್. "ಇವನು 'ಅದು ಕೊಡು, ಇದು ತಿರುಗ್ಸು' ಅಂತಾನೆ. ಅದು ಅಂದ್ರೆ ಯಾವ್ದು, ಇದು ಅಂದ್ರೆ ಯಾವ್ದು? ಕಣ್ಣಿಗೆ ಆಯಿಲ್ ಬೀಳ್ತಿರುತ್ತೆ, ಕಿವಿಗೆ ಇವನ ಮಾತು ಬೀಳ್ತಿರುತ್ತೆ. ಎರಡರಲ್ಲಿ ಯಾವ್ದು ಮೊದ್ಲು ಒರೆಸ್ಕೊಳ್ಳಿ ಹೇಳಿ."

ಬಿಳಿ ಗಾಡಿಯನ್ನು ಎಳೆದ ಆ ದಿನ ಮುದುಕಿಯ ಮುಂದಿನ ಗಾಜಿನ ಮೂಲೆಯಲ್ಲಿ ಒಂದು ಹಳದಿ ಚೀಟಿ ಅಂಟಿತ್ತು. ಕ್ರಿಸ್ಮಸ್ ಹೊತ್ತಿಗೆ ಬರುವ ನಮ್ಮ ಬೇಸಿಗೆಯ ರಜೆಯಲ್ಲಿ ಕಾವಲಿಗೆ ಬಂದ ಪೊಲೀಸಮ್ಮ ಟೇಪು ಹಿಡಿದು ಅಳೆದು, ಗಾಡಿ ನಿಯಮಕ್ಕಿಂತ ಎತ್ತರವಿದೆ ಎಂದು ಅಂಟಿಸಿ ಹೋದದ್ದು. ಅವರದೇನೂ ತಪ್ಪಿಲ್ಲ. ಗಾಡಿ ಎತ್ತರವಿದ್ದದ್ದು ನಿಜ, ತಿರುವಿನಲ್ಲಿ ಓಲಾಡುತ್ತಿದ್ದದ್ದೂ ನಿಜ. ಈಸ್ಟರ್‌ನೊಳಗೆ ಇಳಿಸಿ ತಪಾಸಣೆಗೆ ತೋರಿಸದಿದ್ದರೆ ಮುದುಕಿ ರಸ್ತೆಗೆ ಬರುವಂತಿಲ್ಲ. ನಮ್ಮಲ್ಲಿ ಕಡಲತೀರವೂ ಲೆಕ್ಕಕ್ಕೆ ರಸ್ತೆಯೇ. ಈಸ್ಟರ್ ರಜೆಗೆ ಬರುವ ಗಾಡಿಗಳನ್ನು ನೆನೆಸಿಕೊಂಡರೆ ಊರಿಗೆ ಊರೇ ತಲೆ ಮೇಲೆ ಕೈ ಹೊತ್ತು ಕೂತಿತ್ತು.

ಕ್ಲೆಮ್ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಇಳಿಸೋದಾದ್ರೆ ಗುಜರಿಗೆ ಹಾಕು," ಅಂದುಬಿಟ್ಟರು. ಹಳೆಯ ಕಮಾನುಪಟ್ಟಿ ಎಲ್ಲಿ ಎಂದರೆ, "ಎಸೆದೆ" ಅಂದರು. ನೋಲಿನ್ ಮೂರು ಪಟ್ಟಣಗಳ ಗುಜರಿಗಳಿಗೆ ಫೋನ್ ಮಾಡಿದರು. ಎಲ್ಲೂ ಇಲ್ಲ.

"ನಂಗೆ ರೇಗಿಹೋಯ್ತು," ಎನ್ನುತ್ತಾರೆ. "ಕೂಗಾಡ್ಬಿಟ್ಟೆ. ಎತ್ತರದ ಗಾಡಿ ಇಟ್ಕೊಂಡು ಏನ್ ಪೂಜೆ ಮಾಡ್ತೀಯೇನೋ ಅಂದೆ. ಆಗ ಅಂದ, 'ನನ್ ಬಲಗೈ ಮಾಡಿದ್ ಕೊನೇ ಕೆಲ್ಸ ಅದು, ನೋಲ್. ಅದನ್ನೂ ಬಿಚ್ಚಿದ್ರೆ ಇನ್ನೇನಿದೆ ನಂದು' ಅಂತ. ಹೋಗಿ ಆಲೂಗಡ್ಡೆ ಸುಲಿಯೋಕೆ ಕೂತೆ."

ಇಬ್ಬರೂ ಮಾತಿಲ್ಲದೆ ದಿನ ಕಳೆದರು. ಈ ಮನೆಯಲ್ಲಿ ಮೌನವಿದ್ದರೆ ಬೀದಿಗೇ ನಿದ್ದೆ ಬರುವುದಿಲ್ಲ. ಕೊನೆಗೊಂದು ಬೆಳಗ್ಗೆ ಕ್ಲೆಮ್ ಪೆಟ್ಟಿಗೆಯಿಂದ ಎದ್ದು, ಗೋಡೆ ಹಿಡಿದು ನಡೆದು, ಕೆಲಸದ ಮೇಜಿನ ಅಡಿಯನ್ನು ಎಡಗಾಲಿನಿಂದ ತೋರಿಸಿದರು. ಗೋಣಿಚೀಲದಲ್ಲಿ ಸುತ್ತಿ, ಗ್ರೀಸು ಸವರಿ ಇಟ್ಟ ಹಳೆಯ ಕಮಾನುಪಟ್ಟಿಗಳು. ನಾಲ್ಕಕ್ಕೆ ನಾಲ್ಕೂ ಇದ್ದವು.

"ಎಸೆದೆ ಅಂದಿದ್ಯಲ್ಲೋ?"

"ನಾನ್ಯಾವತ್ತು ಏನಾದ್ರೂ ಎಸೆದಿದೀನಿ?"

ಕೆಲಸ ಒಂದು ವಾರ ನಡೆಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಬೆಂಕಿ ತೋರಿಸಿ, ಪಾನಾಕ್ಕೆ ಪೈಪು ಸಿಕ್ಕಿಸಿ ನೋಲಿನ್ ಎಳೆದರು. ನಾನು ಇಣುಕಿದಾಗಲೆಲ್ಲ ಗಾಡಿಯ ಕೆಳಗಿಂದ ಎರಡು ಬೂಟು ಕಾಣುತ್ತಿದ್ದವು, ಪೆಟ್ಟಿಗೆಯ ಮೇಲಿಂದ ಒಂದು ಧ್ವನಿ ಕೇಳುತ್ತಿತ್ತು. ಕೊನೆಯ ಬೋಲ್ಟಿನ ಹೊತ್ತಿಗೆ ಕ್ಲೆಮ್ ತಾವೇ ಕೆಳಗೆ ಇಳಿದು ಮಲಗಿದರು. ಹಿಂದಿನ ಎಡಗಡೆಯದು ಅದು. ಎಡಗೈಯಲ್ಲೇ ಬಿಗಿ ಮಾಡಿದರು. ಅವರನ್ನು ಮತ್ತೆ ಮೇಲಕ್ಕೆತ್ತಲು ಮನೋಲಿಯನ್ನು ಕರೆಯಬೇಕಾಯಿತು.

ತಪಾಸಣೆಗೆ ಹೋದಾಗ ನಾನೂ ಹಿಂದಿನ ಸೀಟಿನಲ್ಲಿದ್ದೆ. ಪಟ್ಟಣದ ಬೇಕರಿಯಿಂದ ತಂದ, ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ಪ್ಯಾಸ್ಟಿ ಮೂವರ ಕೈಯಲ್ಲೂ ತಣ್ಣಗಾಗುತ್ತಿತ್ತು, ಯಾರೂ ಕಚ್ಚಲಿಲ್ಲ. ತಪಾಸಣೆಯ ವಾರಿಕ್ ಎಂಬವರು ಅಳೆದರು, ಅಲುಗಿಸಿದರು, ಓಡಿಸಿ ನೋಡಿದರು, ಗಾಡಿಯ ಕೆಳಗೆ ಹೋಗಿ ಬಹಳ ಹೊತ್ತು ಇದ್ದರು. ಹೊರಗೆ ಬಂದು ಕ್ಲೆಮ್ ಅವರನ್ನು ಕೇಳಿದರು: "ಕೆಳಗಿನ ಕೆಲ್ಸ ಯಾರ್ದು?"

ಮೂವತ್ತು ವರ್ಷ ಈ ಗಾಡಿಯ ಪ್ರತಿ ನಟ್ಟನ್ನೂ "ನಾನು ಹಾಕಿದ್ದು" ಎಂದು ತೋರಿಸಿಕೊಂಡು ಬಂದ ಮನುಷ್ಯ ಗಲ್ಲವೆತ್ತಿ ನೋಲಿನ್ ಕಡೆ ತೋರಿಸಿದರು.

"ಅವಳದ್ದು," ಅಂದರು.

"ಹಿಂದಿನ ಎಡಗಡೆ ಬೋಲ್ಟ್ ಒಂದು ಇವನ್ದು," ಅಂದರು ನೋಲಿನ್. "ಅದನ್ನ ಮಾತ್ರ ಇನ್ನೊಂದ್ ಸಲ ಸರಿಯಾಗಿ ನೋಡ್ಬಿಡಿ."

ವಾರಿಕ್ ಮತ್ತೆ ಕೆಳಗೆ ಹೋದರು, ಪಾನಾ ಹಾಕಿ ನೋಡಿದರು. ಬೋಲ್ಟು ಅಲುಗಲಿಲ್ಲ. ಹಳದಿ ಚೀಟಿಯನ್ನು ಅವರೇ ಕೆರೆದು ತೆಗೆದರು. ದಾರಿಯುದ್ದಕ್ಕೂ ಕ್ಲೆಮ್ ಪ್ಯಾಸ್ಟಿ ತಿನ್ನುತ್ತಾ "ಸರಿಯಾಗಿ ನೋಡ್ಬಿಡಿ ಅಂತೆ, ಸರಿಯಾಗಿ" ಎಂದು ಗೊಣಗುತ್ತಲೇ ಬಂದರು.

ಇವತ್ತು ಈಸ್ಟರ್ ಶುಕ್ರವಾರ. ಮುಂಜಾನೆಯೇ ಫೋನ್ ಬಂದಿದೆ, ಒಟ್ಟಿಗೆ ಎರಡು ಗಾಡಿ ಹೂತಿವೆಯಂತೆ, ಒಂದನ್ನು ಎಳೆಯಲು ಹೋಗಿ ಇನ್ನೊಂದು. ನೋಲಿನ್ ಶೆಡ್ಡಿಗೆ ಬಂದು, ಅಭ್ಯಾಸ ಬಲದಿಂದ ಚಕ್ರದ ಪಕ್ಕ ಮಂಡಿಯೂರುತ್ತಾರೆ. ಆಮೇಲೆ ನೆನಪಾಗಿ, ತಮ್ಮನ್ನೇ ಬೈದುಕೊಂಡು ಎದ್ದು ಗಾಡಿ ಹತ್ತುತ್ತಾರೆ. ಗಾಳಿ ತುಂಬಿದ ನಾಲ್ಕು ಚಕ್ರಗಳ ಮೇಲೆ ಮುದುಕಿ ಸಲೀಸಾಗಿ ತೊಲೆಯ ಕೆಳಗೆ ಬರುತ್ತದೆ.

"ನಿಲ್ಸು," ಎನ್ನುತ್ತಾರೆ ಕ್ಲೆಮ್.

ಅರ್ಧ ಒಳಗೆ, ಅರ್ಧ ಹೊರಗೆ ಗಾಡಿ ನಿಲ್ಲುತ್ತದೆ. ಕ್ಲೆಮ್ ಪೆಟ್ಟಿಗೆಯ ಮೇಲೆ ಹತ್ತಿ ನಿಂತು, ಕ್ಯಾರಿಯರ್‌ಗೂ ತೊಲೆಗೂ ನಡುವೆ ಎಡಗೈ ಬೆರಳುಗಳನ್ನು ತೂರಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ.

"ಇನ್ನೂ ಒಂದಿಂಚು ಏರಿಸ್ಬಹುದು, ನೋಲ್. ತೊಲೆಗೂ ತಾಗಲ್ಲ, ನಿಯಮಕ್ಕೂ ತಾಗಲ್ಲ."

ನೋಲಿನ್ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಳ್ಳುತ್ತಾರೆ. ಪಕ್ಕದಲ್ಲಿ ಕೂತ ನಾನು, ಇಂಥ ಕೆಲಸಕ್ಕೆ ನಿಮಗೆ ಏನು ಸಿಗಬೇಕಿತ್ತು, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪುರವಣಿಯವರು ಕೇಳಲೇಬೇಕಾದ ಪ್ರಶ್ನೆ.

"ಜನ ಗಾಳಿ ಬಿಟ್ಕೊಂಡ್ ಬಂದ್ರೆ ಸಾಕು," ಎನ್ನುತ್ತಾರೆ. ಗೇರು ಹಾಕಿ, ಹಿಂದಿನದನ್ನು ನೋಡುವ ಕನ್ನಡಿಯಲ್ಲಿ ಅಲ್ಲ, ಬಾಗಿಲಲ್ಲಿ ಕೈ ಎತ್ತಿ ನಿಂತ ಗಂಡನ ಕಡೆಗೇ ನೋಡುತ್ತಾರೆ. "ಮತ್ತೆ, ಆ ಬಲಗೈ ಒಂದ್ಸಲ ಪಾನಾ ಹಿಡಿಯೋ ಹಾಗಾದ್ರೆ ಏರಿಸ್ಲಿ ಬಿಡಿ, ಎಷ್ಟು ಇಂಚಾದ್ರೂ. ನಾನೇ ಮಲ್ಕೊಂಡು ಇಳಿಸ್ತೀನಿ."