ಗಂಗಕ್ಕ ಕಂಡ ಮಣ್ಣಿನ ಮೇಲುಕೆಳಗು

ಗಂಗಾ ಘಣಸೋಲಿಯಿಂದ ಪನ್ವೇಲ್ ಲೋಕಲ್ ರೈಲು ಹಿಡಿದು ಖಾರಘರಕ್ಕೆ ಕೆಲಸಕ್ಕೆ ಹೋಗತೊಡಗಿ ಹದಿನೇಳು ವರ್ಷವಾಗಿತ್ತು. ಗಂಡ ಕಮಲಾಕ್ಷ ಸಾನಪಾಡಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ. ಒಂದು ಮಧ್ಯಾಹ್ನ ಎದೆನೋವೆಂದು ಮಲಗಿದವನು ಏಳಲಿಲ್ಲ. ಮಗಳು ಅಪೇಕ್ಷಾಗೆ ಆಗ ಮೂರು ವರ್ಷ. ಆ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಭೂವಿಜ್ಞಾನಿಯೊಬ್ಬರು ಖಾರಘರದ ತಮ್ಮ ಪ್ರಯೋಗಾಲಯದಲ್ಲಿ ಅವಳಿಗೆ ಗಾಜಿನ ಪಾತ್ರೆ ತೊಳೆಯುವ ಕೆಲಸ ಕೊಡಿಸಿದರು.

ಪಾತ್ರೆ ತೊಳೆಯುತ್ತ ಅವಳು ಮಣ್ಣು ತೊಳೆಯುವುದನ್ನೂ ಕಲಿತಳು. ಅದು ಅರಬ್ಬೀ ಸಮುದ್ರದ ತಳದ ಮಣ್ಣು. ಹಿಮಾಲಯ ಸವೆದು ಸಿಂಧೂ ನದಿಯಲ್ಲಿ ಇಳಿದ ಮರಳು, ಕೆಸರು ಲಕ್ಷಾಂತರ ವರ್ಷಗಳಿಂದ ಕಡಲಾಳದಲ್ಲಿ ಬೀಸಣಿಗೆಯ ಹಾಗೆ ಹರಡಿ ಪದರಪದರವಾಗಿ ಕೂತಿದೆ. ಹಡಗಿನಿಂದ ಕೊಳವೆ ಇಳಿಸಿ ಅದನ್ನು ಕೊರೆದು ತೆಗೆಯುತ್ತಾರೆ. ಕೊಳವೆಯನ್ನು ಉದ್ದಕ್ಕೆ ಸೀಳಿ ಒಂದು ಹೋಳನ್ನು ಮುಟ್ಟದೆ ತಣ್ಣನೆಯ ಕೋಣೆಯಲ್ಲಿಡುತ್ತಾರೆ. ಇನ್ನೊಂದರಿಂದ ಚಮಚದಷ್ಟು ಚಮಚದಷ್ಟೇ ಮಣ್ಣು ತೆಗೆದು, ಪ್ರತಿ ಮಾದರಿಗೂ ಮೇಲಿನಿಂದ ಕೆಳಕ್ಕೆ ಸಂಖ್ಯೆ ಹಾಕಿ ಪರೀಕ್ಷಿಸುತ್ತಾರೆ. ಗಂಗಾ ಅದನ್ನು ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಕೆಂಪು ಗಾರ್ನೆಟ್ ಹರಳುಗಳನ್ನು ಆರಿಸುತ್ತಿದ್ದಳು. ಬೆಟ್ಟದ ಒಳಬಂಡೆಯವರೆಗೂ ಸವೆತ ತಲುಪಿದ ಕಾಲದ ಪದರಗಳಲ್ಲಿ ಆ ಹರಳು ಹೆಚ್ಚು.

ಮೂರು ವರ್ಷದ ಹುದ್ದೆಯ ಮೇಲೆ ಬೆಂಗಳೂರಿನಿಂದ ಬಂದಿದ್ದ ಸಂಶೋಧಕ ವಿಶ್ರುತ ಆ ಹರಳುಗಳ ಲೆಕ್ಕದಿಂದಲೇ ಹೊಸದೊಂದನ್ನು ಕಂಡುಹಿಡಿದಿದ್ದ. ಒಂದು ಕಾಲದಲ್ಲಿ ಹಿಮಾಲಯದ ಸವೆತ ಹಠಾತ್ತನೆ ಏರಿ, ಕುಗ್ಗಿ, ಮತ್ತೆ ಏರಿತ್ತು. ಮಳೆಗಾಲವೇ ಆಗ ಹದಗೆಟ್ಟಿತ್ತೆಂದು ಅವನು ಬರೆದ ಲೇಖನ ದೊಡ್ಡ ವಿಜ್ಞಾನ ಪತ್ರಿಕೆಗೆ ಹೋಗಿತ್ತು. ಅದು ಅಚ್ಚಾದರೆ ಹುದ್ದೆ ಕಾಯಂ ಆಗುವುದೆಂದು ಎಲ್ಲರೂ ಹೇಳುತ್ತಿದ್ದರು.

ಪತ್ರಿಕೆಯವರು ಮರಳಿನ ಗಾತ್ರವನ್ನೂ ಅಳೆದು ಕಳಿಸಿ ಎಂದರು. ಗಂಗಾ ಉಳಿದ ಮಣ್ಣನ್ನು ಮತ್ತೆ ಜರಡಿಗೆ ಹಾಕಿದಳು. ಮೂವತ್ತೊಂದನೆಯ ಮಾದರಿಗೆ ಬಂದಾಗ ಅವಳ ಕೈ ನಿಂತಿತು. ಕಡಲಡಿಯಲ್ಲಿ ಕೆಸರಿನ ಪ್ರವಾಹ ಬಂದು ನಿಂತಾಗ ದಪ್ಪ ಮರಳು ಮೊದಲು ಕೂರುತ್ತದೆ, ನುಣ್ಣನೆಯದು ಅದರ ಮೇಲೆ. ಸಾವಿರಾರು ಪದರ ತೊಳೆದ ಅವಳಿಗೆ ಇದು ಅನ್ನ ಬೆಂದದ್ದು ತಿಳಿಯುವಷ್ಟೇ ಸಹಜ. ಇಲ್ಲಿ ಮಾತ್ರ ನುಣುಪು ಕೆಳಗೆ, ದಪ್ಪ ಮೇಲೆ. ನಲವತ್ತನಾಲ್ಕರವರೆಗೂ ಹಾಗೆಯೇ.

ಅವಳಿಗೆ ನೆನಪಾಯಿತು. ಎರಡು ಮಳೆಗಾಲದ ಹಿಂದೆ ಮಾದರಿಗಳ ಕೋಣೆಗೆ ನೀರು ನುಗ್ಗಿದಾಗ ಅವಳೊಬ್ಬಳೇ ಹೋಳುಗಳನ್ನು ಮೇಲಿನ ಕಪಾಟಿಗೆ ಸಾಗಿಸಿದ್ದಳು. ತಲೆ-ಬುಡದ ಗುರುತಿದ್ದ ಮುಚ್ಚಳ ಒಂದರಿಂದ ಕಳಚಿತ್ತು. ತಲೆ ಯಾವುದು, ಬುಡ ಯಾವುದು ಎಂದು ಅವಸರದಲ್ಲಿ ನೋಡಿರಲಿಲ್ಲ. ಈ ಮಾದರಿಗಳನ್ನು ತೆಗೆದದ್ದು ಆಮೇಲೆ, ಅದೇ ಹೋಳಿನಿಂದ.

ಎರಡು ದಿನ ಬಾಯಿ ಬಿಡಲಿಲ್ಲ. ಅವಳ ಕೆಲಸ ವರ್ಷ ವರ್ಷಕ್ಕೆ ಮುಂದುವರಿಯುವಂಥದ್ದು, ಮೇಲಿನವರು ಬೇಡವೆಂದರೆ ಮುಗಿಯಿತು. ಮನೆಯಲ್ಲಿ ಮಗಳಿಗೆ ಹೇಳಿದಳು.

“ಮಮ್ಮಿ, ಬೋಲ್ನಾ ಜರೂರಿ ಹೈ ಕ್ಯಾ?” ಎಂದಳು ಅಪೇಕ್ಷಾ. “ಕಿಸೀಕೋ ಪತಾ ನಹೀ ಚಲೇಗಾ.”

“ಯಾರಿಗೂ ಗೊತ್ತಾಗದಿದ್ದರೂ ಹೇಳಲೇಬೇಕು. ಅಚ್ಚಾಗುವುದು ಅವರ ಹೆಸರಲ್ಲಿ ಮಗಾ, ನನ್ನ ಹೆಸರಲ್ಲಲ್ಲ,” ಎಂದಳು ಗಂಗಾ.

ಮರುದಿನ ಬೆಳಿಗ್ಗೆ ವಿಶ್ರುತನ ಮೇಜಿನ ಮುಂದೆ ನಿಂತಳು. “ಸರ್, ಒಂದು ವಿಷಯ ಉಂಟು. ಮೂವತ್ತೊಂದರಿಂದ ನಲವತ್ತನಾಲ್ಕು ತಲೆಕೆಳಗಾಗಿದೆ. ಆ ಹೋಳನ್ನು ಉಲ್ಟಾ ಇಟ್ಟದ್ದು ನಾನೇ.”

“ಏನ್ ಹೇಳ್ತಿದೀರಾ ಗಂಗಕ್ಕ? ಲೇಖನ ಹೋಗಿ ಎರಡ್ ತಿಂಗಳಾಯ್ತು!”

“ಗೊತ್ತುಂಟು ಸರ್. ತಣ್ಣನೆಯ ಕೋಣೆಯ ಹೋಳು ತೆಗೆದು ನೋಡುವ.”

ಇಬ್ಬರೂ ಹೋಗಿ ಮುಟ್ಟದೆ ಇಟ್ಟಿದ್ದ ಜೋಡಿ ಹೋಳನ್ನು ಹೊರತೆಗೆದರು. ಅದರ ಮುಚ್ಚಳ ಭದ್ರವಾಗಿತ್ತು. ತಲೆ, ಬುಡ ಎರಡೂ ಸ್ಪಷ್ಟವಾಗಿದ್ದವು. ಅದನ್ನು ಗಂಗಾ ಸಾಗಿಸಿದ್ದ ಹೋಳಿನ ಪಕ್ಕ ಮಲಗಿಸಿದಾಗ ಒಂದು ಪದರವೂ ಇನ್ನೊಂದಕ್ಕೆ ಕೂಡಲಿಲ್ಲ. ವಿಶ್ರುತ ತಾನೇ ಒಂದನ್ನು ತಿರುಗಿಸಿದ. ಗೆರೆಗೆ ಗೆರೆ ಸೇರಿತು. ಅವನು ಹೊರಗೆ ಹೋದ.

ಸಂಜೆಯೊಳಗೆ ಲೇಖನ ಹಿಂಪಡೆದ. ಗಂಗಾಳಿಗೆ ಮೇಲಿನಿಂದ ಎಚ್ಚರಿಕೆಯ ಮೆಮೊ ಬಂತು. ಓದಿ ಸಹಿ ಹಾಕಿದಳು. ನಾಲ್ಕು ತಿಂಗಳು ಇಬ್ಬರೂ ಎಲ್ಲ ಮಾದರಿಗಳನ್ನೂ ಮೊದಲಿನಿಂದ ತೊಳೆದು ಎಣಿಸಿದರು, ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲದೆ. ಏರು, ಕುಸಿತ ಯಾವುದೂ ಉಳಿಯಲಿಲ್ಲ. ಆ ಕಾಲದುದ್ದಕ್ಕೂ ಸವೆತ ನಿಧಾನವಾಗಿ, ಬಿಡದೆ ಹೆಚ್ಚುತ್ತ ಬಂದಿತ್ತು, ಅಷ್ಟೆ. ವಿಶ್ರುತನ ಹುದ್ದೆ ಮುಂದುವರಿಯಲಿಲ್ಲ. ಅವನು ಪುಣೆಯ ಕಾಲೇಜೊಂದಕ್ಕೆ ಪಾಠ ಹೇಳಲು ಹೋದ.

ಮರುವರ್ಷ ಒಂದು ಭಾನುವಾರ, ತಿದ್ದಿ ಬರೆದು ಸಣ್ಣ ಪತ್ರಿಕೆಯಲ್ಲಿ ಅಚ್ಚಾದ ಲೇಖನ ಹಿಡಿದು ವಿಶ್ರುತ ಘಣಸೋಲಿಯ ಮನೆಗೆ ಬಂದ. ಗಂಗಾ ನೀರುದೋಸೆ ಹೊಯ್ದಳು.

“ಬೇಜಾರುಂಟಾ ಸರ್ ನನ್ನ ಮೇಲೆ?” ಎಂದು ಒಲೆಯ ಕಡೆ ಮುಖ ಮಾಡಿಯೇ ಕೇಳಿದಳು.

“ಇತ್ತು ಗಂಗಕ್ಕ. ಪೂರ್ತಿ ಹೋಗಿದೆ ಅಂದ್ರೆ ಸುಳ್ಳಾಗತ್ತೆ. ಆದ್ರೆ ನೀವು ಹೇಳ್ದೇ ಇದ್ದಿದ್ರೆ ಇವತ್ತು ನಿಮ್ ಮನೇಲಿ ಕೂತು ತಿನ್ನೋಕೆ ಆಗ್ತಿರ್ಲಿಲ್ಲ.”

ಗಂಗಾ ಬಿಸಿ ದೋಸೆಯೊಂದನ್ನು ಅವನ ತಟ್ಟೆಗೆ ಮಡಚಿ ಹಾಕಿ, ಚಟ್ನಿ ತರಲು ಎದ್ದಳು.