ಮಾಸ್ತರ ಬೆರಳು

ಯಾರ ಮೈಮೇಲಿನ ಅಂಗಿಯೂ ಟೈಲರ್ ಮಾಸ್ತರ ಕಣ್ಣಿಗೆ ನೆಟ್ಟಗೆ ಕಂಡದ್ದಿಲ್ಲ. ತಾವೇ ಹೊಲಿದದ್ದು ಬಿಗಿಯಾಯಿತೆಂದು ಗಿರಾಕಿ ವಾಪಸು ತಂದರೆ ಮಾತ್ರ, ಪರದೆಯ ಹಿಂದೆ ಗುಂಡಿ ಹಚ್ಚುತ್ತಿದ್ದ ಹೆಂಡತಿಯ ಕಡೆ ಬೆರಳು ತೋರಿಸುವರು: "ಅದು ಅವಳ ಕೆಲಸ." ಮದುವೆಯ ಹೊಸತರಲ್ಲಿ ಅವಳು ಅತ್ತಿದ್ದಳು. ಆಮೇಲೆ, ಕಣ್ಣೀರು ಹಾಕುವಷ್ಟು ದೊಡ್ಡ ಮನುಷ್ಯ ಇವನಲ್ಲ ಎನಿಸಿತು.

ಎದೆ ಸೀಳಿ ಹೃದಯದ ಆಪರೇಶನ್ ಮುಗಿಸಿ ಮನೆಗೆ ಬಂದ ಮಾಸ್ತರು ಮೊದಲು ಕೇಳಿದ್ದು ಕನ್ನಡಿ.

"ನೋಡೇ, ಇದನ್ನ ಹೊಲಿಗೆ ಅಂತಾರಾ? ಗೋಣಿಚೀಲ ಹೊಲಿಯೋನೇ ವಾಸಿ."

"ಜೀವ ಉಳೀಲಿ ಅಂತ ಹೊಲಿದಿದ್ದಾರೆ ರೀ. ಮದುವೆಮನೆಗೆ ಹಾಕ್ಕೊಂಡು ಹೋಗೋಕಲ್ಲ."

ಗಾಯದ ಕೆಳತುದಿಯಲ್ಲಿ ದಾರದ ಎಳೆಯೊಂದು ಇಣುಕುತ್ತಿತ್ತು. ತಾನೇ ಕರಗುತ್ತದೆ, ಮುಟ್ಟಬೇಡಿ ಎಂದು ನರ್ಸ್ ಹೇಳಿ ಕಳಿಸಿದ್ದಳು. ಹೆಂಡತಿ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಮಾಸ್ತರು ಅದನ್ನು ಎಳೆದು, ಅಂಗಡಿಯ ಕತ್ತರಿಯಿಂದ ಕತ್ತರಿಸಿದ್ದರು. "ಈಗ ನೀಟಾಯ್ತು ನೋಡು!"

ವಾರದೊಳಗೆ ಗಾಯ ಕೆಂಪಗೆ ಊದಿ ಕೀವಾಯಿತು. ಮೈ ಕೆಂಡ. ಕೆಮ್ಮಿದರೆ ಎದೆಮೂಳೆ ಕಟಕ್ ಎನ್ನುತ್ತಿತ್ತು.

"ಆ ಹರಕು ಹೊಲಿಗೆಯ ಡಾಕ್ಟರನ ಮುಖ ಮತ್ತೆ ನೋಡಲ್ಲ."

"ನೋಡ್ಬೇಡಿ. ಎದುರಿಗೇ ನಿಂತು ಬೈದು ಬನ್ನಿ."

ಬೈಯಲು ಜನ ಸಿಗುತ್ತಾರೆಂದರೆ ಚಟ್ಟದಿಂದಲೂ ಎದ್ದು ಬರುವ ಆಸಾಮಿ. ಹೆಂಡತಿಯೊಂದಿಗೆ ಆಟೋ ಹತ್ತಿದರು.

ಗಾಯ ಒತ್ತಿ ನೋಡಿದ ಡಾಕ್ಟರ ಮುಖ ಬಿಗಿಯಿತು. ಸೋಂಕು ಮೂಳೆಗೆ ಇಳಿದಿದೆ, ಎದೆಯನ್ನು ಮತ್ತೆ ಬಿಚ್ಚಿ ತೊಳೆಯಬೇಕು, ಉಳಿಸುತ್ತೇವೆಂದು ಮಾತು ಕೊಡಲಾರೆವು ಎಂದರು. "ಈ ದಾರ ಯಾರು ಕತ್ತರಿಸಿದ್ದು?"

ಬೈಯಲು ಬಂದ ಮಾಸ್ತರ ಬೆರಳು ಹಳೆಯ ದಾರಿ ಹಿಡಿಯಿತು.

"ಅವಳ ಕೆಲಸ."

ಅವಳು ಗಾಯದ ಮೇಲೆ ಒಮ್ಮೆ ಕಣ್ಣಾಡಿಸಿದಳು. "ಅಂಗಡಿ ಕತ್ತರೀಲಿ ಇವರೇ ಕತ್ತರಿಸಿದ್ದು ಡಾಕ್ಟ್ರೇ. ನನ್ನ ಕೈಯಾಗಿದ್ರೆ ಇಷ್ಟು ಸೊಟ್ಟಗೆ ಆಗ್ತಿರ್ಲಿಲ್ಲ."

ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋಗುವಾಗ ಆ ಬೆರಳು ಅವಳ ಕೈಗಾಗಿ ತಡಕಾಡಿತು. ಅವಳ ಕೈಯಲ್ಲಿ ಪೆನ್ನಿತ್ತು; ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುತ್ತಿದ್ದಳು.

ಮಾಸ್ತರು ಬದುಕಿದರು. ಎದೆಯ ಗಾಯ ತಿಂಗಳುಗಟ್ಟಲೆ ಬಾಯಿಬಿಟ್ಟುಕೊಂಡೇ ಇದ್ದು, ನಿಧಾನವಾಗಿ ಸೊಟ್ಟಗೆ ಕೂಡಿಕೊಂಡಿತು. ಈಗ ಅಂಗಡಿಯ ಮೂಲೆಯಲ್ಲೊಂದು ಕುರ್ಚಿ ಅವರದು. ಗಿರಾಕಿ ದೂರು ತಂದರೆ ಬೆರಳು ಏಳುತ್ತದೆ. ಪರದೆ ತೆಗೆಸಿ, ಕತ್ತರಿ ಹಿಡಿದು ಮೇಜಿನ ಮುಂದೆ ನಿಂತವಳು ಒಮ್ಮೆ ತಿರುಗಿ ನೋಡುತ್ತಾಳೆ. ಬೆರಳು ಅರ್ಧದಲ್ಲೇ ಮಡಚಿಕೊಳ್ಳುತ್ತದೆ.